ಓದಲಾಗದ ಚೀಟಿ ಯಾರಿಗಾಗಿ?

ಬಿಸ್ಕತ್ತು, ಚಿಪ್ಸು, ತಂಪು ಪಾನೀಯಗಳಲ್ಲಿ ಸಕ್ಕರೆ, ಕೊಬ್ಬು, ಸೋಡಿಯಂ ಎಷ್ಟೆಷ್ಟು ಇವೆಯೆಂದು ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂಬ ಕಾಯಿದೆ ಇದೆ. ಇಷ್ಟರಿಂದಲೇ ಕೊಳ್ಳುವವರಿಗೆ ರಕ್ಷಣೆ ದೊರೆಯಿತೆಂಬುದನ್ನು ನಾವು ಒಪ್ಪಲಾರೆವು. 2020ರ ಕೇಂದ್ರ ನಿಯಮಗಳ ಪ್ರಕಾರ ಈ ವಿವರ ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಇದ್ದರೆ ಸಾಕು. ಕನ್ನಡವನ್ನು ಬೇಕಾದರೆ ಹಾಕಬಹುದು, ಹಾಕಲೇಬೇಕೆಂದಿಲ್ಲ. ಕನ್ನಡ ಮಾತ್ರ ಬಲ್ಲ ತಾಯಿಗೆ ತನ್ನ ಮಗು ತಿನ್ನುವುದೇನೆಂದು ತಿಳಿಯುವ ಹಕ್ಕಿಲ್ಲವೆ?

ಅನ್ಯಾಯ ಇಷ್ಟಕ್ಕೇ ನಿಲ್ಲುವುದಿಲ್ಲ. ಮೇಲ್ಮೈ 100 ಚದರ ಸೆಂಟಿಮೀಟರ್ ಮೀರದ ಪೊಟ್ಟಣಕ್ಕೆ ಪೋಷಕಾಂಶದ ವಿವರದಿಂದಲೇ ವಿನಾಯಿತಿ. ಅದು ಸಗಟು ಪೆಟ್ಟಿಗೆಯ ಮೇಲಿದ್ದರಾಯಿತು. ಪೆಟ್ಟಿಗೆ ಅಂಗಡಿಯಲ್ಲಿ ಉಳಿಯುತ್ತದೆ, ಬಿಡಿ ಪೊಟ್ಟಣ ಕೂಲಿಕಾರನ ಮನೆಗೆ ಹೋಗುತ್ತದೆ. ದೊಡ್ಡ ಪೊಟ್ಟಣ ಕೊಳ್ಳಬಲ್ಲವನಿಗೆ ತಿಳಿವಳಿಕೆ, ಚಿಲ್ಲರೆ ಕಾಸಿನವನಿಗೆ ಕತ್ತಲೆ!

ಓದುಬಲ್ಲವರಿಗೂ ಈ ಲೆಕ್ಕ ಸುಲಭವಲ್ಲ. 400 ಮಿಲಿಗ್ರಾಂ ಸೋಡಿಯಂ ಎಂದರೆ ಸುಮಾರು 1 ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂಗಡಿಯ ಮುಂದೆ ನಿಂತು ಈ ಗುಣಾಕಾರ ಮಾಡುವವರಾರು?

ದಕ್ಷಿಣ ಅಮೆರಿಕದ ಚಿಲಿ ದೇಶ 2016ರಲ್ಲಿ ಸರಳ ದಾರಿ ಹಿಡಿಯಿತು. ಸಕ್ಕರೆಯೋ ಸೋಡಿಯಮ್ಮೋ ಮಿತಿ ಮೀರಿದರೆ ಪೊಟ್ಟಣದ ಮುಖದ ಮೇಲೆಯೇ ಎಂಟು ಮೂಲೆಯ ಕಪ್ಪು ಗುರುತು. ಅಂಥ ಸರಕನ್ನು ಶಾಲೆಯಲ್ಲಿ ಮಾರುವುದಕ್ಕೂ ಮಕ್ಕಳನ್ನು ಸೆಳೆಯುವ ಜಾಹೀರಾತಿಗೂ ತಡೆ. ಮುಂದಿನ ಒಂದೂವರೆ ವರ್ಷದಲ್ಲಿ ಗುರುತು ಬಿದ್ದ ಪಾನೀಯಗಳ ಖರೀದಿ ಸುಮಾರು ಕಾಲುಭಾಗ ಇಳಿದುದನ್ನು ಸಂಶೋಧಕರು ಕಂಡರು.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಕರಡಿನಲ್ಲಿದ್ದುದು ಎಚ್ಚರಿಕೆಯ ಗುರುತಲ್ಲ, ನಕ್ಷತ್ರ. ನಾರು, ಬೇಳೆಕಾಳು ಬೆರೆಸಿ ಅಂಕ ಗಳಿಸಿದರೆ ಸಕ್ಕರೆಯ ದೋಷ ಅದರಡಿ ಮರೆಯಾಗಬಹುದು. ಗಣಿತದಲ್ಲಿ ನಪಾಸಾದ ಹುಡುಗನನ್ನು ಡ್ರಾಯಿಂಗಿನ ಅಂಕ ಕೂಡಿಸಿ ಪಾಸು ಮಾಡಿದಂತೆ! 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ತಜ್ಞರ ಸಮಿತಿಗೆ ಮೂರು ತಿಂಗಳೊಳಗೆ ಶಿಫಾರಸು ಕೊಡಿರೆಂದು ಹೇಳಬೇಕಾಯಿತು.

ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚೆಂದು 2023ರಲ್ಲಿ ಪ್ರಕಟವಾದ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಹೇಳಿತು. ಆದುದರಿಂದ ನಮ್ಮ ಬೇಡಿಕೆ ಇಷ್ಟೆ: ಎಚ್ಚರಿಕೆ ಪೊಟ್ಟಣದ ಮುಖದ ಮೇಲಿರಲಿ, ಗುರುತು ಓದುಬಾರದವರಿಗೂ ತಿಳಿಯುವಂತಿರಲಿ, ಬರಹ ಕನ್ನಡದಲ್ಲಿರಲಿ, ಸಣ್ಣ ಪೊಟ್ಟಣಕ್ಕೆ ವಿನಾಯಿತಿ ಬೇಡ. ಚೀಟಿಯೊಂದರಿಂದಲೇ ಬಡವರ ಊಟ ಸುಧಾರಿಸದು, ನಿಜ. ಆದರೆ ಕಾಸು ಕೊಟ್ಟವರಿಗೆ ಕೊಂಡದ್ದೇನೆಂದು ತಿಳಿಸದ ವ್ಯಾಪಾರ ವ್ಯಾಪಾರವಲ್ಲ, ವಂಚನೆ.