ಕಿವಿಯ ತೀರ್ಪು ತೀರ್ಪಲ್ಲ

ನಾಡೊಂದನ್ನು ಕಳೆದುಕೊಳ್ಳುವುದಕ್ಕೆ ದಂಡುದಾಳಿಗಳೇ ಬೇಕೆಂದಿಲ್ಲ. ನಾಡಿನ ಹೆಸರುಗಳ ಅರ್ಥವನ್ನು ಮರೆತರೆ ಸಾಕು. ಎರಡು ಮಾತುಗಳು ಕಿವಿಗೆ ಒಂದೇ ತೆರನಾಗಿ ಕೇಳಿಸಿದ ಮಾತ್ರಕ್ಕೆ ಅವು ಒಂದೇ ಎಂದು ತೀರ್ಮಾನಿಸುವ ಚಟವು ನಮ್ಮ ವಿದ್ಯಾವಂತರಲ್ಲಿಯೂ ಅಧಿಕಾರಿಗಳಲ್ಲಿಯೂ ಬೇರೂರಿದೆ. ಇದು ಪಂಡಿತರ ವಿನೋದದ ವಿಷಯವಲ್ಲ, ಕನ್ನಡಿಗರ ಹಕ್ಕಿನ ವಿಷಯವೆಂದು ನಾವು ಸಾರಿ ಹೇಳುತ್ತೇವೆ. ಸಾಕ್ಷಿಗೆ ದೂರ ಹೋಗಬೇಕಾಗಿಲ್ಲ; ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ, ಹೊಸದುರ್ಗ ಎಂಬ ನಾಲ್ಕು ಊರುಗಳೇ ಸಾಕು.

ಹೊಳಲ್ಕೆರೆಯೆಂದರೆ ಹೊಳೆಯುವ ಕೆರೆಯೆಂದು ಒಬ್ಬರು, ಹೊಳೆಯ ಬದಿಯ ಕೆರೆಯೆಂದು ಇನ್ನೊಬ್ಬರು, ಹೊಲದ ಕೆರೆಯೆಂದು ಮತ್ತೊಬ್ಬರು ಹೇಳಿಯಾರು. ಹಳಗನ್ನಡವನ್ನು ಕೇಳಿದರೆ ಅದು ಬೇರೆಯೇ ಉತ್ತರವನ್ನು ಕೊಡುತ್ತದೆ. ಪೊೞಲ್ ಎಂದರೆ ಪಟ್ಟಣ. ಅದೇ ಇಂದಿನ ಹೊಳಲು. ಪೊೞೆ ಎಂದರೆ ನದಿ; ಮಲೆಯಾಳದ ಪುೞ ಅದರ ಒಡಹುಟ್ಟು. ಪೊಳೆ ಎಂದರೆ ಪ್ರಕಾಶಿಸು. ಪೊಲವೆಂದರೆ ಉಳುವ ಭೂಮಿ. ನಾಲ್ಕೂ ಬೇರೆ ಬೇರೆ ಮಾತುಗಳು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಬೇರ್ಪಡಿಸಿ ಹೇಳಿದ ೞಕಾರವು ಬರವಣಿಗೆಯಿಂದ ಮರೆಯಾದ ಮೇಲೆ ನದಿಯೂ ಹೊಳಪೂ ಒಂದೇ ಹೊಳೆಯಲ್ಲಿ ಮುಳುಗಿದವು. ಬಾೞ್ ಎಂಬ ಬದುಕೂ ಬಾಳ್ ಎಂಬ ಕತ್ತಿಯೂ ಇಂದು ಒಂದೇ ಬಾಳಾಗಿವೆ. ಅಕ್ಷರವೊಂದು ಹೋದರೆ ಎಷ್ಟು ಹೋಗುತ್ತದೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. ಲ, ಳಗಳನ್ನೂ ಬೇರ್ಪಡಿಸಲಾರದ ರೋಮನ್ ಲಿಪಿಯ ಫಲಕಗಳಿಂದ ಮಕ್ಕಳು ತಮ್ಮ ಊರಿನ ಹೆಸರನ್ನು ಕಲಿಯುವಂತಾದರೆ ಉಳಿಯುವುದೇನು?

ಹಿರಿಯೂರಿನಲ್ಲಿ ಇರುವುದು ಪಿರಿಯ, ಅಂದರೆ ದೊಡ್ಡದು, ಎಂಬ ಮಾತು. ಕತ್ತಿಯನ್ನು ಹಿರಿಯುವ ಹಿರಿಯಲ್ಲ. ಅದೇ ತಾಲೂಕಿನಲ್ಲಿ ವೇದಾವತಿಗೆ ಅಣೆಕಟ್ಟು ಕಟ್ಟಿದ ಸ್ಥಳ ಮಾರಿಕಣಿವೆ. ಧಾರವಾಡ ಬೆಳಗಾವಿಗಳ ಕನ್ನಡಿಗನಿಗೆ ಮಾರಿಯೆಂದರೆ ಮುಖ. ಚಿತ್ರದುರ್ಗದ ಸೀಮೆಯವನಿಗೆ ಮಾರಿಯೆಂದರೆ ಕಣಿವೆಯ ಮಾರಮ್ಮ. ಇಬ್ಬರೂ ಕನ್ನಡಿಗರೇ, ಇಬ್ಬರ ಮಾತೂ ಕನ್ನಡವೇ. ಒಬ್ಬನು ಇನ್ನೊಬ್ಬನ ಮಾತನ್ನು ಅಶುದ್ಧವೆಂದು ಹಳಿಯುವುದು ಅಜ್ಞಾನ. 1956ರ ನವೆಂಬರ್ 1ರಂದು ಪ್ರಾಂತಗಳು ಕೂಡಿದವು. ಮಾತುಗಳನ್ನು ಪರಸ್ಪರ ಅರಿತು ಕೂಡುವ ಕೆಲಸವು ಸರಕಾರದ ಆಜ್ಞೆಯಿಂದ ಆಗತಕ್ಕದ್ದಲ್ಲ.

ಇನ್ನು ಚಿತ್ರದುರ್ಗ. ಹೊಯ್ಸಳರ ಕಾಲದಲ್ಲಿ ಬೆಮ್ಮತ್ತನಕಲ್ಲು ಎನಿಸಿದ್ದ ಈ ಊರು ಚಿತ್ರಕಲ್ಲುದುರ್ಗವೆಂದೂ ಕರೆಯಿಸಿಕೊಂಡಿತು. ಆಂಗ್ಲರ ನಾಲಗೆಯ ಮೇಲೆ ಅದು ಚಿತಲ್‌ದ್ರೂಗ್ ಆಯಿತು. ಹಿಂದಿಯ ಚೀತಲ್ ಎಂದರೆ ಚುಕ್ಕೆಯ ಜಿಂಕೆ. ಅದು ಸಂಸ್ಕೃತದ ಚಿತ್ರಲದಿಂದ ಬಂದ ಮಾತು. ಮೂಲದಲ್ಲಿ ಚಿತ್ರವು ಎರಡಕ್ಕೂ ಇದೆಯೆಂಬುದು ನಿಜ. ಆದರೆ ನಮ್ಮ ದುರ್ಗದ ಹೆಸರಿನೊಳಗೆ ಇದ್ದುದು ಕಲ್ಲು, ಜಿಂಕೆಯಲ್ಲ! ಏಳು ಸುತ್ತಿನ ಕೋಟೆಯನ್ನು ಹೊತ್ತ ಬಂಡೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಎಲ್ಲಕ್ಕಿಂತ ಮಿಗಿಲಾದ ಪಾಠವು ಹೊಸದುರ್ಗದಲ್ಲಿದೆ. ಈ ಹೆಸರಿನ ಊರುಗಳು ಎರಡು. ಒಂದು ಚಿತ್ರದುರ್ಗದ ನಾಯಕರ ಸೀಮೆಯದು. ಇನ್ನೊಂದು ಕಾಸರಗೋಡಿನ ಕಡಲತಡಿಯಲ್ಲಿ ಕೆಳದಿಯ ನಾಯಕರು ಕಟ್ಟಿದ ಕೋಟೆಯದು. ಎರಡೂ ಮನೆತನಗಳಿಗೆ ನಾಯಕರೆಂಬ ಬಿರುದು ಒಂದೇ. ವಂಶ ಬೇರೆ, ರಾಜ್ಯ ಬೇರೆ. ಹೆಸರಿನ ಮೇಲೆ ಇವನ್ನು ಒಂದಾಗಿಸುವವರಿಗೆ ಚರಿತ್ರೆಯು ತಿಳಿಯದು.

ಕಡಲತಡಿಯ ಹೊಸದುರ್ಗವು 1956ರಲ್ಲಿ ಕೇರಳಕ್ಕೆ ಸೇರಿತು. ಅದನ್ನು ಪುದಿಯಕೋಟ್ಟ ಎಂದು ಮಾರ್ಪಡಿಸುವರೆಂಬ ಸುದ್ದಿಯು 2021ರ ಜೂನ್ ತಿಂಗಳಲ್ಲಿ ಹಬ್ಬಿ ಕನ್ನಡಿಗರು ಕಳವಳಗೊಂಡರು. ಅಂಥ ನಿರ್ಧಾರವಿಲ್ಲವೆಂದು ಕೇರಳ ಸರಕಾರವು ತಿಳಿಸಿತು. ಅರ್ಥವೊಂದೇ ಆದರೆ ನಷ್ಟವೇನು ಎನ್ನುವವರಿದ್ದಾರೆ. ಅರ್ಥವೊಂದೇ ಎಂಬುದನ್ನು ನಾವು ಒಪ್ಪುತ್ತೇವೆ. ಅಷ್ಟೇ ಏಕೆ, ಕಿವಿಗೆ ದೂರವೆನಿಸುವ ಪೊಸ, ಪುದಿಯ ಎಂಬ ಮಾತುಗಳು ಒಂದೇ ದ್ರಾವಿಡ ಬೇರಿನ ಚಿಗುರುಗಳು! ಆದರೂ ಹೆಸರೆಂದರೆ ಬರಿಯ ಅರ್ಥವಲ್ಲ; ಅದನ್ನು ಇಟ್ಟವರ ಗುರುತು. ತರ್ಜುಮೆ ಮಾಡಿದರೆ ಅರ್ಥವು ಉಳಿದೀತು, ಸಾಕ್ಷಿಯು ಅಳಿಯುತ್ತದೆ.

ನಮ್ಮವರಿಗೂ ಒಂದು ಮಾತು. ಹೆಸರು ಕನ್ನಡವಾದ ಮಾತ್ರಕ್ಕೆ ನೆಲವೆಲ್ಲ ನಮ್ಮದೆಂದು ಕೂಗುವುದು ವಾದವಲ್ಲ. 1967ರಲ್ಲಿ ಮಹಾಜನ ಆಯೋಗವು ಕನ್ನಡನಾಡಿಗೆ ಸೇರಬೇಕೆಂದು ಹೇಳಿದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು. ಹೊಸದುರ್ಗವು ಅದರ ದಕ್ಷಿಣಕ್ಕಿದೆ. ಹೆಸರು ಹಕ್ಕುಪತ್ರವಲ್ಲ, ಸಾಕ್ಷಿ. ಸುಳ್ಳು ನಿರುಕ್ತಿಗಳನ್ನು ಬೆರೆಸಿ ಆ ಸಾಕ್ಷಿಯನ್ನು ನಾವೇ ಕೆಡಿಸಿದರೆ, ನಿಜವಾದ ಹಕ್ಕನ್ನು ಕೇಳುವ ದಿನ ನಮ್ಮ ಮಾತನ್ನು ಯಾರು ನಂಬುವರು?

ಆದುದರಿಂದ ಉಪಾಧ್ಯಾಯರಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮ ಊರಿನ ಕೆರೆ, ಕಟ್ಟೆ, ಗುಡ್ಡ, ಹಟ್ಟಿಗಳ ಹೆಸರುಗಳನ್ನು ಮಕ್ಕಳಿಂದ ಕನ್ನಡದಲ್ಲಿ ಬರೆಯಿಸಿರಿ, ಶಾಸನಗಳೊಡನೆ, ನಿಘಂಟಿನೊಡನೆ, ಊರಹಿರಿಯರ ಉಚ್ಚಾರದೊಡನೆ ತಾಳೆ ನೋಡಿಸಿರಿ. ಪುರಜನರು ತಪ್ಪು ಬರೆದ ಫಲಕಗಳನ್ನು ತಿದ್ದಿಸುವವರೆಗೆ ಅರ್ಜಿ ಹಾಕುತ್ತಿರಲಿ. ತನ್ನ ಊರಿನ ಹೆಸರಿನ ಅರ್ಥವನ್ನು ಬಲ್ಲ ಹುಡುಗನಿಂದ ಅವನ ನಾಡನ್ನು ಯಾರೂ ಸುಲಭವಾಗಿ ಕಸಿಯಲಾರರು.