ಮಳೆಗೆ ಮಾಪಕವುಂಟು, ಬಿಸಿಲಿಗೆ?

ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ, ಗುರುವಾರ ಟೆಂಡರ್ ಬರೆಯುವ ಮುನ್ನ ಖರೀದಿದಾರ ಚೀಲದೊಳಗೆ ಕೈಹಾಕಿ ಒಂದು ಹಿಡಿ ಮೆಣಸಿನಕಾಯಿ ತೆಗೆಯುತ್ತಾನೆ. ಮುಷ್ಟಿಯಲ್ಲಿ ಒತ್ತಿ ನೋಡುತ್ತಾನೆ, ಕಿವಿಯ ಹತ್ತಿರ ಅಲುಗಿಸುತ್ತಾನೆ. ಒಳಗಿನ ಬೀಜ ಗಲಗಲ ಅಂದರೆ ಒಣಗಿದೆ. ಸದ್ದಿಲ್ಲದೆ ಮೆತ್ತಗೆ ಅಂಟಿಕೊಂಡರೆ ಹಸಿ. ಆಮೇಲೆ ಬಣ್ಣ. ಅರೆ ನಿಮಿಷದಲ್ಲಿ ರೈತನ ಹತ್ತು ಹದಿನೈದು ದಿನದ ಬಿಸಿಲಿಗೆ ದರ ಕಟ್ಟಿಯಾಯಿತು. ಹಾವೇರಿ ಜಿಲ್ಲೆಯಲ್ಲಿ ಸದ್ಯ ಹೆಚ್ಚು ಚಾಲ್ತಿಯಲ್ಲಿರುವ ಬಿಸಿಲುಮಾಪಕ ಈ ಮುಷ್ಟಿಯೇ ಇರಬೇಕು.

ಮಳೆಯ ಕತೆ ಬೇರೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳಿವೆ, ಹೋಬಳಿಗಳಲ್ಲಿ ಉಷ್ಣಾಂಶ, ತೇವಾಂಶ, ಗಾಳಿಯ ವೇಗ ದಾಖಲಾಗುತ್ತದೆ. ಮಂಗಳವಾರ, ಶುಕ್ರವಾರ ಹೊರಬೀಳುವ ಕೃಷಿ ಹವಾಮಾನ ವರದಿಯಲ್ಲಿ ಆಕಾಶದ ಎಂಟು ಪಾಲಿನಲ್ಲಿ ಎಷ್ಟು ಪಾಲು ಮೋಡ ಎಂಬುದೂ ಇರುತ್ತದೆ. ಆದರೆ ಮೋಡದ ಲೆಕ್ಕ ಬಿಸಿಲಿನ ಲೆಕ್ಕವಲ್ಲ. ಹತ್ತಿಯೆಳೆಯಂಥ ತೆಳು ಮೋಡ ಆಕಾಶ ತುಂಬಿದ್ದರೂ ನೆರಳು ಬೀಳುವಷ್ಟು ಬಿಸಿಲಿರುತ್ತದೆ. ಕಪ್ಪು ಮೋಡದ ಒಂದೇ ತುಂಡು ನೆತ್ತಿಯ ಮೇಲೆ ನಿಂತರೆ ಇರುವುದಿಲ್ಲ. ರಾಣೆಬೆನ್ನೂರಿನಲ್ಲಿ ನಿನ್ನೆ ಎಷ್ಟು ತಾಸು ಬಿಸಿಲು ಬಿತ್ತು ಎಂದು ಹೇಳುವ ಸಾಲು ಯಾವ ಪತ್ರಿಕೆಯ ಹವಾಮಾನ ಕಾಲಂನಲ್ಲೂ ಕಾಣುವುದಿಲ್ಲ.

ಅಳೆಯುವ ವಿದ್ಯೆ ಹೊಸದೇನಲ್ಲ. 1853ರಲ್ಲಿ ಸ್ಕಾಟ್ಲೆಂಡಿನ ಜಾನ್ ಫ್ರಾನ್ಸಿಸ್ ಕ್ಯಾಂಪ್‌ಬೆಲ್ ಗಾಜಿನ ಗೋಳವೊಂದನ್ನು ಮರದ ಬಟ್ಟಲಲ್ಲಿಟ್ಟು, ಬಿಸಿಲು ಮರವನ್ನು ಸುಡುವುದನ್ನೇ ದಾಖಲೆಯಾಗಿಸಿದ. 1879ರಲ್ಲಿ ಭೌತವಿಜ್ಞಾನಿ ಸ್ಟೋಕ್ಸ್ ಅದಕ್ಕೆ ಲೋಹದ ಚೌಕಟ್ಟು, ಕಾಗದದ ಪಟ್ಟಿ ಕೂಡಿಸಿದ. ಕೃಷಿ ಹವಾಮಾನ ವೀಕ್ಷಣಾಲಯಗಳಲ್ಲಿ ಈಗಲೂ ಆ ಗೋಳ ಸಿಗುತ್ತದೆ. ಸೂರ್ಯ ಸರಿದಂತೆ ಪಟ್ಟಿಯ ಮೇಲೆ ಕಂದು ಗೆರೆ ಸುಡುತ್ತಾ ಹೋಗುತ್ತದೆ, ಮೋಡ ಬಂದಲ್ಲಿ ಗೆರೆ ತುಂಡಾಗುತ್ತದೆ. ಸಂಜೆ ಪಟ್ಟಿ ತೆಗೆದು ಸುಟ್ಟ ಉದ್ದವನ್ನು ಕೂಡಿದರೆ ಆ ದಿನದ ಬಿಸಿಲು. ಋತುವಿಗೆ ತಕ್ಕಂತೆ ಮೂರು ಆಕಾರದ ಪಟ್ಟಿಗಳಿವೆ. ದೋಷಗಳೂ ಇವೆ: ಗಾಜಿನ ಮೇಲೆ ಇಬ್ಬನಿ ಕೂತ ಬೆಳಿಗ್ಗೆ ಪಟ್ಟಿ ಸುಡುವುದಿಲ್ಲ, ಮೋಡ ಬಿಸಿಲು ಕಣ್ಣಾಮುಚ್ಚಾಲೆ ಆಡಿದ ದಿನ ಸುಟ್ಟ ಗುರುತು ಹಬ್ಬಿ ಲೆಕ್ಕ ಹೆಚ್ಚಾಗುತ್ತದೆ. ಅದಕ್ಕೇ ವಿಶ್ವ ಹವಾಮಾನ ಸಂಸ್ಥೆ ಸುಡುವ ಲೆಕ್ಕ ಬಿಟ್ಟು ಒಂದು ಗಡಿ ಹಾಕಿಕೊಟ್ಟಿತು. ಚದರ ಮೀಟರಿಗೆ 120 ವಾಟ್‌ಗಿಂತ ಹೆಚ್ಚಿನ ನೇರ ಸೂರ್ಯಕಿರಣ ಬಿದ್ದಷ್ಟು ಹೊತ್ತು ಮಾತ್ರ ಬಿಸಿಲು.

ವರ್ಷಕ್ಕೆ ಸೂರ್ಯ ದಿಗಂತದ ಮೇಲಿರುವ ಒಟ್ಟು ಹೊತ್ತು ಭೂಮಿಯ ಮೇಲೆ ಎಲ್ಲೇ ಹೋದರೂ ಸುಮಾರು 4,400 ತಾಸು. ಧ್ರುವಕ್ಕೂ ಅಷ್ಟೇ, ಹಾನಗಲ್ಲಿಗೂ ಅಷ್ಟೇ. ಅದರಲ್ಲಿ ಎಷ್ಟು ನೆಲ ಮುಟ್ಟುತ್ತದೆ ಎಂಬುದನ್ನು ಮುಖ್ಯವಾಗಿ ಮೋಡ ನಿರ್ಧರಿಸುತ್ತದೆ. ಅಮೆರಿಕದ ಯೂಮಾ ಎಂಬ ಮರುಭೂಮಿಯ ಊರಿಗೆ ಸುಮಾರು 4,000 ತಾಸು ಸಿಕ್ಕರೆ, ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳ ಟೋರ್ಸ್‌ಹವ್ನ್‌ಗೆ ಸಾವಿರವೂ ಸಿಗುವುದಿಲ್ಲ.

ನಮ್ಮಲ್ಲಿ ಈ ವ್ಯತ್ಯಾಸ ಒಂದೇ ವರ್ಷದೊಳಗೆ ಬಂದು ಹೋಗುತ್ತದೆ. ಹಾವೇರಿಯ ಅಕ್ಷಾಂಶದಲ್ಲಿ ಜೂನ್ ಕೊನೆಯ ಹಗಲು ಹದಿಮೂರು ತಾಸು, ಡಿಸೆಂಬರ್ ಹಗಲು ಹನ್ನೊಂದೂಕಾಲು. ಹಗಲು ಹಿಗ್ಗಿದ ಕಾಲದಲ್ಲೇ ಮುಂಗಾರು ಮೋಡ ಕವಿದು ಬಿಸಿಲು ಕುಗ್ಗುತ್ತದೆ. ಹಗಲು ಕಿರಿದಾದ ಚಳಿಗಾಲದಲ್ಲಿ ಆಕಾಶ ತೊಳೆದಂತಿರುತ್ತದೆ. ಡಿಸೆಂಬರ್ ನಂತರ ಮೆಣಸಿನಕಾಯಿ ಬಿಡಿಸಿ ಕಣದಲ್ಲಿ ಹರವುವ ಪದ್ಧತಿ ನಿಂತಿರುವುದೇ ಈ ಖಾತರಿಯ ಮೇಲೆ. ಆ ಖಾತರಿ ತಪ್ಪಿದಾಗ ಏನಾಗುತ್ತದೆ ಎಂಬುದನ್ನು 2021ರ ನವೆಂಬರ್ ತೋರಿಸಿತು. ರಾಜ್ಯದ ಬಹುಭಾಗದಲ್ಲಿ ಅಕಾಲಿಕ ಮಳೆ, ದಿನಗಟ್ಟಲೆ ಮೋಡ. ಅಂಥ ಹೊತ್ತಿನಲ್ಲಿ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಹರವಿದ ಗೋವಿನಜೋಳ ತಾಡಪತ್ರಿಯ ಕೆಳಗೇ ಮೊಳಕೆಯೊಡೆಯುತ್ತದೆ. ಬೆಂಬಲ ಬೆಲೆ ಬೇಕಾದರೆ ತೇವಾಂಶ ಶೇ 14 ದಾಟುವಂತಿಲ್ಲ ಎಂಬ ನಿಯಮಕ್ಕೆ ಮೋಡದ ಗೊಡವೆಯಿಲ್ಲ.

ಹಾಗೆಂದು ಬಿಸಿಲು ಹೆಚ್ಚಿದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಕೆಂಪಿಗೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದದ್ದೂ ಆ ಹೆಸರಿನ ಬಲದಿಂದಲೇ. ಆ ಕೆಂಪು ಬಣ್ಣದ ದ್ರವ್ಯ ಉರಿಬಿಸಿಲಿಗೆ ಬಹಳ ದಿನ ಒಡ್ಡಿದರೆ ಮಾಸುತ್ತದೆ. ಬಿಸಿಲು ಸಾಲದೆ ನಿಧಾನವಾಗಿ ಒಣಗಿದರೆ ಬೂಸ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ, ರಫ್ತಿನ ಮಾಲು ವಾಪಸು ಬರುತ್ತದೆ. ಹೀಗೆ ಎರಡೂ ಕಡೆ ಗಡಿಯಿರುವ ವ್ಯವಹಾರಕ್ಕೆ ‘ಇವತ್ತು ಬಿಸಿಲು ಛಲೋ ಐತಿ’ ಎಂಬ ಅಂದಾಜು ಸಾಕಾಗದು.

ಈ ಮಧ್ಯೆ ಚಾವಣಿ ಸೋಲಾರ್ ಮಾರುವವರು ಇನ್ನೊಂದು ಗೊಂದಲ ತಂದಿದ್ದಾರೆ. ‘ನಿಮ್ಮ ಊರಿಗೆ ದಿನಕ್ಕೆ ಐದು ತಾಸು ಬಿಸಿಲು’ ಎನ್ನುತ್ತಾರೆ. ಅದು ಗಡಿಯಾರದ ತಾಸಲ್ಲ. ಇಡೀ ದಿನದ ಶಕ್ತಿಯನ್ನು ಚದರ ಮೀಟರಿಗೆ ಸಾವಿರ ವಾಟ್‌ನ ನಡುಹಗಲ ಬಿಸಿಲಿಗೆ ಹಿಂಡಿದಾಗ ಬರುವ ಅಂಕಿ. ಒಂಬತ್ತು ತಾಸು ಬಿಸಿಲು ಬಿದ್ದ ದಿನವೂ ಅದು ಐದಾರರ ಆಸುಪಾಸಿನಲ್ಲೇ ಇರಬಹುದು. ಒಣಗಿಸುವವರಿಗೆ ಬೇಕಾದ ಲೆಕ್ಕ ಒಂದು, ಹೆಸ್ಕಾಂಗೆ ಕರೆಂಟು ಮಾರುವವರಿಗೆ ಬೇಕಾದದ್ದು ಇನ್ನೊಂದು.

ಪರಿಹಾರ ದುಬಾರಿಯದಲ್ಲ. ಹೋಬಳಿ ಕೇಂದ್ರಗಳಿಗೆ ಬಿಸಿಲು ಸಂವೇದಕ ಜೋಡಿಸಬಹುದು. ಇನ್ಸಾಟ್ ಉಪಗ್ರಹಗಳು ಸೌರವಿಕಿರಣದ ಅಂದಾಜನ್ನು ಈಗಾಗಲೇ ಕೊಡುತ್ತಿವೆ. ಅದನ್ನು ತಾಸಿಗೆ ಇಳಿಸಿ, ತೇವಾಂಶದ ಜೊತೆಗೆ ಸೇರಿಸಿ, ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಿನವೂ ಮೊಬೈಲ್‌ಗೆ ಕಳಿಸಲಿ.

ದಾಖಲೆ ಬೇಕಾದದ್ದು ಮುಖ್ಯವಾಗಿ ವಿಮೆಗೆ. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೆ 14 ದಿನದವರೆಗೆ ಫಸಲ್ ಬಿಮಾ ಯೋಜನೆಯಲ್ಲಿ ರಕ್ಷಣೆ ಇದೆ, ಆದರೆ ಅದು ಅಕಾಲಿಕ ಮಳೆ, ಆಲಿಕಲ್ಲು, ಚಂಡಮಾರುತದಂಥ ಹಾನಿಗೆ. ಮಳೆ ಹನಿಯದೆ ಬರೀ ಮೋಡ ಕವಿದು ತೆನೆ ಕೊಳೆತರೆ ಅರ್ಜಿಯಲ್ಲಿ ಏನೆಂದು ಬರೆಯುವುದು? ಮಳೆಮಾಪಕ ಸೊನ್ನೆ ತೋರಿಸುತ್ತದೆ. ಆ ವಾರ ಬಿಸಿಲೂ ಸೊನ್ನೆಯಾಗಿತ್ತು ಎನ್ನಲು ರೈತನ ಕೈಯಲ್ಲಿ ಈಗ ಯಾವ ಕಾಗದವೂ ಇಲ್ಲ.