ನಲ್ಲಿ ಕೆಲಸ ಹೆಣ್ಣುಮಗಳಿಗೆ ಆದೀತೇ?

ಸೂಳೆಕೆರೆ ಹತ್ತಿರದ ಹಳ್ಳಿಯ ತಾಯಿಯೊಬ್ಬರು ಬರೆದಿದ್ದಾರೆ: "ಮಗಳು ಎಸ್.ಎಸ್.ಎಲ್.ಸಿ. ಪಾಸಾಗಿದ್ದಾಳೆ. ಐ.ಟಿ.ಐ. ಸೇರಿ ಪ್ಲಂಬರ್ ಕೆಲಸ ಕಲೀತೀನಿ ಅಂತ ಹಟ ಹಿಡಿದಾಳೆ. ಪೈಪು ಹೊತ್ತು ತಿರುಗೋ ಹುಡುಗೀನ ನಾಳೆ ಯಾರು ಕೈ ಹಿಡೀತಾರೆ ಅಂತ ನಮ್ಮತ್ತೆ ಮುನಿಸಿಕೊಂಡು ಕೂತಿದ್ದಾರೆ. ಏನು ಮಾಡಲಿ?"

ಅಲ್ಲಮ್ಮಾ, ನಿಮ್ಮೂರಿನ ಕೆರೆ ಕಟ್ಟಿಸಿದವಳು ಶಾಂತವ್ವ ಎಂಬ ಹೆಣ್ಣುಮಗಳು ಎಂದೇ ನಿಮ್ಮ ಕಡೆಯ ಜನ ಹೇಳುವುದು, ಅಲ್ಲವೇ? ಆ ಕೆರೆಯ ತೂಬು ಮಾಡುವುದನ್ನೇ ನಿಮ್ಮ ಅಡುಗೆಮನೆಯ ನಲ್ಲಿಯೂ ಮಾಡುತ್ತದೆ: ಬೇಕಾದಾಗ ನೀರು ಬಿಡುವುದು, ಬೇಡವಾದಾಗ ತಡೆಯುವುದು. ಅತ್ತೆಯವರಿಗೆ ಹೀಗೆ ಹೇಳಿ ನೋಡಿ, ಕೋಪ ಸ್ವಲ್ಪ ಇಳಿದೀತು.

ಪ್ಲಂಬರ್ ತರಬೇತಿ ಒಂದು ವರ್ಷದ್ದು. ಎಂಟನೇ ತರಗತಿ ಪಾಸಾದವರಿಗೂ ಸೇರಲು ಅವಕಾಶವುಂಟು. ಪೈಪು ಅಳೆದು ಕತ್ತರಿಸುವುದು, ಮರೆ ಹಾಕುವುದು, ಎಲ್ಬೋ, ಟೀ, ಯೂನಿಯನ್ ಕೂಡಿಸುವುದು, ಸಿಂಕು ಕೂರಿಸುವುದು, ನಕ್ಷೆ ಓದುವುದು, ಲೆಕ್ಕ ಎಲ್ಲವೂ ಇದೆ. ಲೆಕ್ಕ ಏಕೆ ಅಂತೀರಾ? ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ಬರುವ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ನಿಮ್ಮ ಮನೆ ಟ್ಯಾಂಕು ಬಚ್ಚಲಿನಿಂದ ಮೂರೇ ಮೀಟರ್ ಮೇಲಿದ್ದರೆ ಷವರು ಜಿನುಗುವುದೇ ಹೊರತು ಸುರಿಯುವುದಿಲ್ಲ. ಇನ್ನು ಸಿಂಕಿನ ಕೆಳಗೆ ಬಗ್ಗಿ ನೋಡಿ. ಅಲ್ಲಿ ಡೊಂಕಾದ ಪೈಪಿದೆಯಲ್ಲ, ಅದರಲ್ಲಿ ನಿಂತ ನೀರೇ ಮೋರಿಯ ವಾಸನೆಯನ್ನು ಒಳಗೆ ಬಿಡದೆ ತಡೆಯುವುದು. ಡೊಂಕೆಂದು ಯಾರಾದರೂ ತೆಗೆದು ನೇರ ಪೈಪು ಹಾಕಿದರೆ ಅಡುಗೆಮನೆಯಲ್ಲಿ ನಿಲ್ಲುವಂತಿಲ್ಲ!

ಕೆಲಸ ಸುಲಭವೆಂದು ನಾನು ಹೇಳಲಾರೆ. ಕಬ್ಬಿಣದ ಪೈಪು ಭಾರ, ಕಟ್ಟಿದ ಮೋರಿ ಗಲೀಜು, ಏಣಿ ಹತ್ತಬೇಕು. ಮಗಳನ್ನು ಮೊದಲೇ ಕರೆದುಕೊಂಡು ಹೋಗಿ ವರ್ಕ್‌ಷಾಪ್ ತೋರಿಸಿ. ಎಲ್ಲ ಐ.ಟಿ.ಐ.ಗಳಲ್ಲೂ ಈ ವಿಭಾಗ ಇರುವುದಿಲ್ಲ. ಅರ್ಜಿ ಹಾಕುವ ಮುನ್ನ ವಿಚಾರಿಸಿ. ಹಾಸ್ಟೆಲ್, ಬಸ್ಸಿನ ಹೊತ್ತು, ಹೆಣ್ಣುಮಕ್ಕಳಿಗೆ ಶೌಚಾಲಯ, ಇವನ್ನೂ ಸಂಕೋಚವಿಲ್ಲದೆ ಕೇಳಿ.

ಮುಂದೇನು? ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಪ್ರಮಾಣಪತ್ರ. ಆಮೇಲೆ ಅಪ್ರೆಂಟಿಸ್ ಆಗಿ ಸ್ವಲ್ಪ ಭತ್ಯೆ ಪಡೆಯುತ್ತಲೇ ಕೈ ಪಳಗಿಸಬಹುದು. ಆಸ್ಪತ್ರೆ, ಹೋಟೆಲು, ದೊಡ್ಡ ವಸತಿ ಕಟ್ಟಡಗಳಲ್ಲಿ ಕೆಲಸವುಂಟು. ಬೋಧಕರ ತರಬೇತಿ ಮುಗಿಸಿದರೆ ಐ.ಟಿ.ಐ.ಯಲ್ಲೇ ಪಾಠ ಹೇಳಬಹುದು. 2019ರಲ್ಲಿ ಜಲಜೀವನ್ ಯೋಜನೆ ಆರಂಭವಾದ ಮೇಲೆ ಹಳ್ಳಿ ಹಳ್ಳಿಗೂ ನಲ್ಲಿ ಬಂದಿದೆ. ಹಾಕಿದ ನಲ್ಲಿ ಕೆಡದೆ ಇದ್ದೀತೇ? ಹಗಲು ಹೊತ್ತು ಒಬ್ಬರೇ ಇರುವ ಗೃಹಿಣಿಯರು ಬಚ್ಚಲು ರಿಪೇರಿಗೆ ಹೆಣ್ಣುಮಗಳೇ ಬಂದರೆ ಧೈರ್ಯವಾಗಿ ಬಾಗಿಲು ತೆರೆಯುತ್ತಾರೆ. ಇದೊಂದು ಕಡೆ ನಿಮ್ಮ ಮಗಳದೇ ಮೇಲುಗೈ.

ಈ ಕೆಲಸಕ್ಕೆ ಕೊಲ್ಲಿ ದೇಶಗಳಿಗೆ ಹೋಗುವವರೂ ಇದ್ದಾರೆ. ಗಂಡುಮಕ್ಕಳನ್ನು ಎಂಟಕ್ಕೇ ಬಿಡಿಸಿ ಇದಕ್ಕೆ ಸೇರಿಸುವ ತಾಯಂದಿರೇ, ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಅಂಥ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಇಲಾಖೆಯ ಅನುಮತಿ ಬೇಕಾಗುತ್ತದೆ. ಹತ್ತು ಮುಗಿಸಿಯೇ ಕಳಿಸಿ. ನೋಂದಾಯಿತ ಏಜೆಂಟರಲ್ಲದವರ ಕೈಗೆ ದುಡ್ಡು ಕೊಡಬೇಡಿ.

ಮದುವೆಯ ಮಾತಿಗೆ ನನ್ನಲ್ಲಿ ಭರವಸೆಯ ಉತ್ತರವಿಲ್ಲ ತಾಯಿ. ಓದು ಒಂದೇ ವರ್ಷದ್ದು. ಅದು ಮುಗಿಯುವವರೆಗೆ ವರ ನೋಡುವುದು ಬೇಡವೆಂದು ಅತ್ತೆಯವರನ್ನು ಒಪ್ಪಿಸಿ. ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರಗಳನ್ನು ಈಗಲೇ ಜೋಡಿಸಿಡಿ.